ವೃತ್ತಿ ಎಂಬ ಕಾಲಮ್ಮು

ಗದ್ದ ಮೇಲೆ, ಸೊಂಟಕ್ಕೆ ಕೈ,
ಭುಜ ಮುಂದೆ, ಎದೆ ಪ್ಲೇಟಿಗೆ ಒತ್ತಲಿ.
ಉಸಿರು ಎಳೀರಿ. ಹಿಡೀರಿ.
ದಿನಕ್ಕೆ ಅರವತ್ತು ಸಲ ಹೇಳುತ್ತೇನೆ ಇದನ್ನು,
ಮಂಡ್ಯದ ಆಸ್ಪತ್ರೆಯ ಹನ್ನೊಂದನೇ ಕೋಣೆಯಲ್ಲಿ,
ಗೋಡೆಯ ಮರೆಗೆ ನಿಂತು, ದಪ್ಪ ಗಾಜಿನ ಹಿಂದಿನಿಂದ.
ಬಿಡಿ.

ಚಲುವಬೋವಿ ಪಾಂಡವಪುರದ ಮೊದಲ ಬಸ್ಸಿಗೆ ಬಂದವನು.
ಅಂಗಿ ಬಿಚ್ಚಿ ಎಲ್ಲಿಡಲಿ ಎಂದ. ಕುರ್ಚಿ ತೋರಿಸಿದೆ.
ಕುರ್ಚಿ ಕೊಳೆಯಾದೀತೆಂದು
ಮಡಿಸಿ, ತನ್ನ ಚಪ್ಪಲಿಯ ಮೇಲಿಟ್ಟ.
ಚೀಟಿಯಲ್ಲಿ ವಯಸ್ಸು ನಲವತ್ತೊಂದು.
ಬೆನ್ನು ಕಂಡರೆ ಮೂವತ್ತು,
ಮೆಟ್ಟಿಲು ಹತ್ತಿ ಬಂದ ಏದುಸಿರಿಗೆ ಎಪ್ಪತ್ತು.

ಪರದೆಯ ಮೇಲೆ ಮೂಡಿತು:
ಕರ್ರಗಿರಬೇಕಾದ ಎರಡು ಹೊಲ,
ತುಂಬ ಯಾರೋ ಕೈ ಬೀಸಿ ರಾಗಿ ಎರಚಿದ ಹಾಗೆ
ಬಿಳೀ ಕಾಳು.
ಮೇಲಿನ ಮೂಲೆಗಳಲ್ಲಿ ಕಾಳಿಗೆ ಕಾಳು ಅಂಟಿ ಹೆಂಟೆ.
ಚೀಟಿಯಲ್ಲಿ ಕ್ಷಯ ಎಂದಿದೆ, ಪಕ್ಕಕ್ಕೊಂದು ಪ್ರಶ್ನೆಚಿಹ್ನೆ.
ಕಫ ಮೂರು ಸಲ ನೋಡಿದ್ದಾರೆ, ಏನೂ ಸಿಕ್ಕಿಲ್ಲ.
ಮಾತ್ರೆ ಮಾತ್ರ ಎರಡನೇ ಸುತ್ತು.

ಪ್ಲೇಟಿನ ಮೇಲೆ ಅವನ ಎದೆ ಬಿಟ್ಟ ಗುರುತು,
ಬೆವರಲ್ಲಿ ಕಲೆಸಿದ ಬೂದಿಬಣ್ಣದ ಹಿಟ್ಟು.
ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಹೋಯಿತು.
ಅದನ್ನೇ ನೋಡುತ್ತಿದ್ದ.
"ನೀರ್ ಬುಟ್ರೆ ಏಳಾಕಿಲ್ಲ ಮೇಡಮ್ಮೋರೆ, ಧೂಳು.
ಕೊರೆಯೋವಾಗ ಒಂದ್ ಪೈಪು ನೀರು, ಅಷ್ಟೆ.
ನಾಲೆ ನಮ್ ಕ್ವಾರಿ ಮಗ್ಗುಲಲ್ಲೇ ಹರೀತದೆ.
ಪಂಪಿಗೆ ಡೀಸೆಲ್ ಯಾರ್ ಹಾಕ್ತಾರೆ ಅಂತಾರೆ ಸಾವ್ಕಾರ್ರು."

ಕೆಮ್ಮಿನ ನಡುನಡುವೆ ಊರಿನ ಸುದ್ದಿ:
ಜಲ್ಲಿ ಹೊರುವ ಮುದ್ದಮ್ಮನಿಗೂ ರಾತ್ರಿಯೆಲ್ಲ ಹೀಗೇ.
ಒಂದು ಗಂಟೆಯ ಸಿಡಿತಕ್ಕೆ ಸೀಟಿ ಊದಿದರೆ
ಶಾಲೆಯ ಮಕ್ಕಳು ಅನ್ನದ ತಟ್ಟೆಯ ಮೇಲೆ
ಸ್ಲೇಟು ಮುಚ್ಚಿಕೊಂಡು ಕೂರುತ್ತವೆ.
ಕ್ರಷರ್ ಪಕ್ಕದ ಕಬ್ಬಿನ ಸೋಗೆಯನ್ನು
ತೊಳೆಯದೆ ಹಾಕಿದರೆ ಎಮ್ಮೆ ಮೂಸಿ ಮುಖ ತಿರುಗಿಸುತ್ತದೆ.
"ಅದ್ಕಿರೋ ಬುದ್ಧಿ ನಮ್ಗಿಲ್ಲ" ಎಂದು ನಕ್ಕ.
ನಗು ಅರ್ಧದಲ್ಲೇ ಕೆಮ್ಮಾಯಿತು, ಕೂತುಬಿಟ್ಟ.

"ಅದೇನು, ನಿಮ್ಮೆದೆ ಮ್ಯಾಲೆ?"
ಬ್ಯಾಡ್ಜು ಎಂದೆ. ಈ ಕೋಣೆಯ ಕಿರಣ
ನನ್ನ ಮೇಲೆ ಎಷ್ಟು ಬಿತ್ತೋ ಲೆಕ್ಕ ಇಡುತ್ತದೆ.
ಮೂರು ತಿಂಗಳಿಗೊಮ್ಮೆ ಪರೀಕ್ಷೆಗೆ ಹೋಗುತ್ತದೆ.
ಹೆಚ್ಚಾದರೆ ನನ್ನನ್ನು ಬೇರೆ ಕೆಲಸಕ್ಕೆ ಹಾಕುತ್ತಾರೆ.
"ಸಂಬ್ಳ?"
ಸಂಬಳ ಬರುತ್ತೆ.
ಬಹಳ ಹೊತ್ತು ಸುಮ್ಮನಿದ್ದ.
ಚಪ್ಪಲಿಯ ಮೇಲಿನ ಅಂಗಿಯನ್ನು ನೋಡಿದ.
"ನಮ್ಗೂ ಒಂದ್ ಕೊಡ್ಸಾಕಾಯ್ತದಾ?
ಎಷ್ಟ್ ಕುಡುದ್ವಿ ಅಂತ ಒಸಿ ಗೊತ್ತಾಗ್ಲಿ."

ಸೀಸದ ಏಪ್ರನ್ನು ಸರಿಮಾಡಿಕೊಂಡೆ.
ಮಾಡಲು ಬೇರೇನೂ ಇರಲಿಲ್ಲ.

ಪಟದ ಕೆಳಅಂಚು ಅಲುಗಿದೆ, ಇನ್ನೊಂದು ತೆಗೆಯಬೇಕು ಎಂದೆ.
ಎದ್ದು ನಿಂತ, ಕಲಿತ ಪಾಠದ ಹಾಗೆ
ಗದ್ದ ಎತ್ತಿ, ಸೊಂಟಕ್ಕೆ ಕೈಯಿಟ್ಟು.
ಉಸಿರು ಎಳೀರಿ. ಹಿಡೀರಿ.
ಗೋಡೆಯ ಈಚೆ ಗುಂಡಿ ಒತ್ತಿ
ರಿಜಿಸ್ಟರ್ ಎಳೆದುಕೊಂಡೆ.

ವೃತ್ತಿ ಎಂಬ ಕಾಲಮ್ಮು ಎರಡು ಬೆರಳಗಲ.
ಮೇಲಿಂದ ಕೆಳಗೆ ಕೂಲಿ, ಕೂಲಿ, ಗೃಹಿಣಿ, ಕೂಲಿ,
ಎಲ್ಲ ನನ್ನದೇ ಕೈಬರಹ, ಒಂಬತ್ತು ವರ್ಷದಿಂದ.
ಬರೆದೆ: ಕಲ್ಲು ಕೊರೆಯುವುದು.
ಹತ್ತೊಂಬತ್ತು ವರ್ಷ. ನೀರಿಲ್ಲದೆ. ಮೂಗಿಗೆ ಟವಲ್ಲು.
ಅಕ್ಷರ ಗೆರೆ ದಾಟಿ ಪಕ್ಕದ ಕಾಲಮ್ಮಿಗೆ ನುಗ್ಗಿತು.
ಅದು ಡಾಕ್ಟರ ಜಾಗ, ಬೈಯುತ್ತಾರೆ.
ಬೈಯಲಿ, ಬೈಯುವುದಕ್ಕಾದರೂ ಓದಬೇಕಲ್ಲ.
ಅದರ ಕೆಳಗೆ ಮುದ್ದಮ್ಮ ಎಂದು ಬರೆದೆ,
ಇನ್ನೂ ಬಾರದವಳ ಹೆಸರು.

ಆಗ ಗಾಜಿನಾಚೆಯಿಂದ,
ಎದೆ ಇನ್ನೂ ಪ್ಲೇಟಿಗೆ ಒತ್ತಿಕೊಂಡೇ,
ಸೋರುವ ಸೈಕಲ್ ಟ್ಯೂಬಿನಂಥ ದನಿ:
"ಬುಡ್ಬೋದಾ, ಮೇಡಮ್ಮೋರೆ?"